ಅಪ್ಪನ ಕ್ರೋಮು, ನನ್ನ ಕ್ರೋಮು

ವೀಕೆಂಡ್‌ನಲ್ಲಿ ಏನ್ಮಾಡ್ತೀಯ ಅಂತ ಆಫೀಸಿನಲ್ಲಿ ಯಾರಾದರೂ ಕೇಳಿದರೆ, "ಪ್ಲಾಸ್ಟಿಕ್ ಕಾರು ಜೋಡಿಸ್ತೀನಿ" ಅನ್ನುತ್ತೇನೆ. ಮುಂದಿನ ಪ್ರಶ್ನೆ ಗ್ಯಾರಂಟಿ: "ಯಾರಿಗೆ, ಅಕ್ಕನ ಮಗನಿಗಾ?" ಅಲ್ಲ ಸ್ವಾಮಿ, ನನಗೇ. ಮೂವತ್ತು ವರ್ಷ ಆಗಿದೆ, ದಿನಕ್ಕೆ ಒಂಬತ್ತು ಗಂಟೆ ಕೋಡ್ ಬರೀತೀನಿ, ಶನಿವಾರ ರಾತ್ರಿ ಊಟ ಆದಮೇಲೆ ಬೆರಳುದ್ದದ ಬಂಪರ್ ಹಿಡಿದುಕೊಂಡು ಟೇಬಲ್ ಲ್ಯಾಂಪ್ ಕೆಳಗೆ ಕೂರುತ್ತೇನೆ. ಗೊತ್ತಿಲ್ಲದವರಿಗೆ ಒಂದು ಮಾತು: ಇವು ಅಂಗಡಿಯಲ್ಲಿ ರೆಡಿಯಾಗಿ ಸಿಗುವ ಆಟಿಕೆಗಳಲ್ಲ. ಡಬ್ಬಿ ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ಫ್ರೇಮುಗಳು, ಫ್ರೇಮಿಗೆ ಅಂಟಿಕೊಂಡ ನೂರಾರು ಬಿಡಿಭಾಗಗಳು ಇರುತ್ತವೆ. ಕತ್ತರಿಸಬೇಕು, ಉಜ್ಜಬೇಕು, ಬಣ್ಣ ಹೊಡೆಯಬೇಕು, ಅಂಟಿಸಬೇಕು. ಒಂದು ಕಾರು ಮುಗಿಯಲು ನನಗೆ ಎರಡು ಮೂರು ತಿಂಗಳು ಬೇಕು.

ಈ ಹವ್ಯಾಸದಲ್ಲಿ ಬಾಡಿಗೆ ಕೆಂಪು ಬಣ್ಣ ಹೊಡೆಯೋದು ಕಷ್ಟವಲ್ಲ, ಸೀಟಿಗೆ ಚರ್ಮದ ಕಳೆ ತರೋದೂ ಕಷ್ಟವಲ್ಲ. ಎಲ್ಲರೂ ಬೆವರುವುದು ಕ್ರೋಮ್ ಹತ್ತಿರ. ಬಂಪರ್, ಗ್ರಿಲ್, ಹೆಡ್‌ಲೈಟ್ ಸುತ್ತಲಿನ ರಿಂಗು, ವ್ಹೀಲ್ ಕ್ಯಾಪು. ಇವು ಕನ್ನಡಿ ಹಾಗೆ ಹೊಳೆದರೆ ನೋಡುವವರ ಕಣ್ಣಿಗೆ ಅದು ಕಾರು, ಇಲ್ಲದಿದ್ದರೆ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್. ಇದರ ನಡುವೆ ಮೂರನೆಯದು ಇಲ್ಲ.

ಈಗ ಟೇಬಲ್ ಮೇಲಿರೋದು 1957ರ ಶೆವ್ರೊಲೆ ಬೆಲ್ ಏರ್, 1/25 ಸ್ಕೇಲು. ಅಂದರೆ ನಿಜವಾದ ಕಾರಿನ ಇಪ್ಪತ್ತೈದನೇ ಒಂದು ಭಾಗ. ಅಮೆರಿಕಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬ ಸೂಟ್‌ಕೇಸಿನಲ್ಲಿ ತಂದುಕೊಟ್ಟ ಕಿಟ್. ಆ ಕಾಲದ ಅಮೆರಿಕನ್ ಕಾರುಗಳ ಫೋಟೋ ನೋಡಿದ್ದೀರಲ್ಲ? ಮುಂಭಾಗ ಅನ್ನೋದು ಬಂಪರ್ ಅಲ್ಲ, ಮದುವೆ ಮಂಟಪ. ಹಿಂದೆ ಎರಡು ರೆಕ್ಕೆ, ಬಾನೆಟ್ ಮೇಲೆ ಎರಡು ರಾಕೆಟ್ ಆಕಾರದ ಅಲಂಕಾರ. ಕ್ರೋಮ್ ಕೈಕೊಟ್ಟರೆ ಈ ಕಾರಿನಲ್ಲಿ ಮುಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಕಿಟ್ ಜೊತೆಗೇ ಹೊಳೆಯುವ ಭಾಗಗಳು ಬರುತ್ತವಲ್ಲ, ಮತ್ಯಾಕೆ ತಲೆಬಿಸಿ ಅಂತ ಕೇಳಬಹುದು. ಬರುತ್ತವೆ, ನಿಜ. ಆದರೆ ಅದರಲ್ಲಿ ಕ್ರೋಮಿಯಂ ಒಂದು ಕಣವೂ ಇರುವುದಿಲ್ಲ. ಪ್ಲಾಸ್ಟಿಕ್ ಮೇಲೆ ಮೊದಲು ಲ್ಯಾಕರ್ ಹಚ್ಚಿ, ಗಾಳಿಯನ್ನೆಲ್ಲ ಹೊರಗೆಳೆದ ಕೋಣೆಯಲ್ಲಿಟ್ಟು, ಅಲ್ಯೂಮಿನಿಯಂ ಅನ್ನು ಕಾಯಿಸಿ ಆವಿ ಮಾಡುತ್ತಾರೆ. ಆ ಆವಿ ಹೋಗಿ ಪ್ಲಾಸ್ಟಿಕ್ ಮೇಲೆ ತೆಳ್ಳಗೆ ಕೂರುತ್ತದೆ. ನಾವು ತಿನ್ನುವ ಚಿಪ್ಸ್ ಪ್ಯಾಕೆಟ್ಟಿನ ಒಳಗಿನ ಹೊಳಪೂ ಇದೇ ವಿಧಾನದ್ದು. ತೊಂದರೆ ಏನೆಂದರೆ, ಅಚ್ಚಿನ ಎರಡು ಅರ್ಧಗಳು ಸೇರುವ ಕಡೆ ಪ್ಲಾಸ್ಟಿಕ್ ಮೇಲೆ ಕೂದಲೆಳೆಯಂಥ ಗೆರೆ ಉಳಿದಿರುತ್ತೆ. ಹೊಳಪಿನ ಕೆಳಗೆ ಆ ಗೆರೆ ಇನ್ನಷ್ಟು ಎದ್ದು ಕಾಣುತ್ತೆ. ಫ್ರೇಮಿನಿಂದ ಕತ್ತರಿಸಿದ ಜಾಗದಲ್ಲಿ ಬೋಳು ಪ್ಲಾಸ್ಟಿಕ್ಕಿನ ಚುಕ್ಕಿ. ಅಂಟು ಕೂಡ ಅದರ ಮೇಲೆ ಹಿಡಿಯಲ್ಲ, ಕೆರೆದೇ ಅಂಟಿಸಬೇಕು. ಜೊತೆಗೆ ಆ ಹೊಳಪೂ ಸ್ವಲ್ಪ ಅತಿ. ಅಲ್ಯೂಮಿನಿಯಂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಶೇ 90ರಷ್ಟನ್ನು ವಾಪಸ್ ಕೊಡುತ್ತೆ. ನಿಜವಾದ ಕ್ರೋಮ್ ಅಷ್ಟು ಉದಾರಿಯಲ್ಲ, ಸುಮಾರು ಮೂರನೇ ಎರಡು ಭಾಗ ಮಾತ್ರ. ಹಾಗಾಗಿ ಕ್ರೋಮ್‌ಗೆ ಒಂದು ಗಾಢತೆ ಇದೆ, ಒಳಗೆಲ್ಲೋ ಸ್ವಲ್ಪ ನೀಲಿ, ಸ್ವಲ್ಪ ಕಪ್ಪು.

ಆದ್ದರಿಂದ ಮೊದಲ ಕೆಲಸ, ಇರುವ ಹೊಳಪನ್ನು ತೆಗೆಯುವುದು. ಬಿಳಿ ಬಟ್ಟೆಗೆ ಹಾಕುವ ದ್ರವ ಬ್ಲೀಚ್‌ನಲ್ಲಿ ಮುಳುಗಿಸಿಟ್ಟರೆ ಸಾಕು, ಅಲ್ಯೂಮಿನಿಯಂ ಕರಗಿ ಹೋಗುತ್ತೆ. ಕೆಲವು ಕಿಟ್‌ಗಳಲ್ಲಿ ಹತ್ತು ನಿಮಿಷ, ಕೆಲವದರಲ್ಲಿ ಇಡೀ ರಾತ್ರಿ. ಕೈಗೆ ಗ್ಲೌಸ್ ಇರಲಿ. ಬ್ಲೀಚ್ ಇರುವ ಪಾತ್ರೆಗೆ ಟಾಯ್ಲೆಟ್ ತೊಳೆಯುವ ಆಸಿಡ್ ಯಾವ ಕಾರಣಕ್ಕೂ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತೆ. ಇದು ಮಾಡೆಲ್ ಮಾಡುವವರಿಗೆ ಮಾತ್ರವಲ್ಲ, ಬಾತ್‌ರೂಮ್ ತೊಳೆಯುವ ಎಲ್ಲರಿಗೂ ಹೇಳುವ ಮಾತು. ಅಲ್ಯೂಮಿನಿಯಂ ಹೋದಮೇಲೆ ಕೆಳಗಿನ ಲ್ಯಾಕರ್ ಪದರ ಉಳಿಯುತ್ತದೆ. ಅದು ಕೆಲವೊಮ್ಮೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಬಿಡುತ್ತೆ, ಕೆಲವೊಮ್ಮೆ ಜಪ್ಪಯ್ಯ ಅಂದರೂ ಬಿಡಲ್ಲ. ಬಿಡದಿದ್ದರೆ ಅದನ್ನೇ ಉಜ್ಜಿ ನಯ ಮಾಡಿಕೊಳ್ಳಬೇಕು.

ಹೀಗೆ ಬೋಳಾದ ಬಂಪರ್ ಅನ್ನು ನೀರಿನ ಉಪ್ಪುಕಾಗದದಲ್ಲಿ ಉಜ್ಜುತ್ತಾ ಕೂತಿದ್ದಾಗ ಅಪ್ಪ ಹಿಂದೆ ಬಂದು ನಿಂತರು. ನಮ್ಮದು ದಾಸರಹಳ್ಳಿಯಲ್ಲಿ ಮನೆ. ಅಪ್ಪ ತುಮಕೂರು ಕಡೆಯ ಹಳ್ಳಿಯವರು. 1989ರಲ್ಲಿ ಪೀಣ್ಯಕ್ಕೆ ಬಂದು ಒಂದು ಎಲೆಕ್ಟ್ರೋಪ್ಲೇಟಿಂಗ್ ಯೂನಿಟ್ ಸೇರಿದವರು 2013ರವರೆಗೆ ಅಲ್ಲೇ ಇದ್ದರು. ಇಪ್ಪತ್ತನಾಲ್ಕು ವರ್ಷ. ಮೊದಲ ಆರು ವರ್ಷ ಬಫಿಂಗ್, ಆಮೇಲೆಲ್ಲ ಕ್ರೋಮ್ ಟ್ಯಾಂಕು. ನನ್ನ ಎಂಜಿನಿಯರಿಂಗ್ ಫೀಸು ಆ ಟ್ಯಾಂಕಿನಿಂದಲೇ ಬಂದದ್ದು. ನನ್ನ ಹವ್ಯಾಸದ ಬಗ್ಗೆ ಅವರು ಒಳ್ಳೇದು ಕೆಟ್ಟದ್ದು ಎರಡನ್ನೂ ಹೇಳಿದವರಲ್ಲ. ಆವತ್ತು ಮಾತ್ರ ಬಗ್ಗಿ, ಬಂಪರನ್ನು ಎರಡು ಬೆರಳಲ್ಲಿ ಎತ್ತಿ, ಟ್ಯೂಬ್‌ಲೈಟಿಗೆ ಅಡ್ಡ ಹಿಡಿದು ನೋಡಿದರು.

"ಇದ್ಕೆ ಏನ್ ಹಾಕ್ತೀಯಲಾ?"

"ಕ್ರೋಮ್, ಅಪ್ಪ."

"ಕ್ರೋಮಾ! ಇಷ್ಟು ಗೆರೆ ಇಟ್ಕಂಡಾ?"

ನನ್ನ ಕಣ್ಣಿಗೆ ಅದು ಆಗಲೇ ನಯವಾಗಿತ್ತು. ಉಪ್ಪುಕಾಗದ 1000 ನಂಬರ್ ದಾಟಿ 2000ಕ್ಕೆ ಬಂದಿದ್ದೆ. ಅಪ್ಪ ಕಾಗದದ ನಂಬರ್ ಕೇಳಲಿಲ್ಲ. ಉಗುರಿನ ತುದಿಯನ್ನು ಅದರ ಮೇಲೆ ಎಳೆದು, "ಕೂತೈತೆ ನೋಡು, ಸಿಕ್ತು" ಅಂದರು. ಆಮೇಲೆ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು. "ಕ್ರೋಮ್ ಅನ್ನೋದು ಮೇಲಿನ ಪಂಚೆ ಇದ್ದಂಗೆ ಕಣ್ಲಾ. ಒಳಗಿರೋ ಮೈ ಸೊಟ್ಟಗಿದ್ರೆ ಪಂಚೆ ಏನ್ ಮಾಡ್ತೈತೆ?"

ಕ್ರೋಮ್ ಪ್ಲೇಟಿಂಗ್ ಅಂದರೆ ವಸ್ತುವನ್ನು ಒಂದು ಟ್ಯಾಂಕಿಗೆ ಅದ್ದಿ ತೆಗೆಯುವುದು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಅಪ್ಪ ಹೇಳೋ ಪ್ರಕಾರ ಅದ್ದೋದು ಕೊನೆಯ ಐದು ನಿಮಿಷದ ಕೆಲಸ. ಮೊದಲು ತುಕ್ಕು, ಹಳೇ ಲೇಪನ ಎಲ್ಲ ತೆಗೆಯಬೇಕು. ಬಫಿಂಗ್ ವ್ಹೀಲಿಗೆ ಸೋಪು ಹಚ್ಚಿ (ಸ್ನಾನದ ಸೋಪಲ್ಲ, ಪಾಲಿಶ್ ಪುಡಿಯನ್ನು ಮೇಣದಲ್ಲಿ ಕಲಸಿದ ಗಟ್ಟಿ) ಲೋಹದಲ್ಲಿ ನಿಮ್ಮ ಮುಖ ಕಾಣುವವರೆಗೆ ತಿಕ್ಕಬೇಕು. ಜಿಡ್ಡು ತೆಗೆಯಬೇಕು, ಆಸಿಡ್‌ನಲ್ಲಿ ಅದ್ದಬೇಕು, ತೊಳೆಯಬೇಕು. ಆಮೇಲೆ ನಿಕಲ್ ಟ್ಯಾಂಕಿನಲ್ಲಿ ಹತ್ತಿಪ್ಪತ್ತು ಮೈಕ್ರಾನ್ ನಿಕಲ್ ಕೂರಿಸಬೇಕು. ಇಷ್ಟೆಲ್ಲ ಆದಮೇಲೆ ಕ್ರೋಮ್, ಅದೂ ಅರ್ಧ ಮೈಕ್ರಾನ್‌ಗಿಂತ ಕಡಿಮೆ. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ ಅಂತ ಲೆಕ್ಕ ಹಾಕಿ. ಕಣ್ಣಿಗೆ ಹೊಡೆಯುವ ಹೊಳಪಿನ ಬಹುಪಾಲು ಬಫಿಂಗಿನದು, ನಿಕಲ್‌ನದು. ಬರೀ ನಿಕಲ್ ಬಿಟ್ಟರೆ ಹಳದಿ ಛಾಯೆ ತಿರುಗಿ ಮಂಕಾಗುತ್ತೆ. ಅದರ ಮೇಲೆ ಕ್ರೋಮ್ ಬಂದು ಆ ತಣ್ಣನೆಯ ನೀಲಿಯನ್ನೂ ಗಟ್ಟಿತನವನ್ನೂ ಕೊಡುತ್ತೆ, ಅಷ್ಟೇ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ್ದು ಹಳೇ ಬೈಕ್ ಪ್ರಿಯರಿಗೆಲ್ಲ ಗೊತ್ತು. ಕಾರ್ಖಾನೆ ಮುಚ್ಚಿದ ಮೇಲೆ ಬೈಕು ಇಟ್ಟುಕೊಂಡವರು ಪೆಟ್ರೋಲ್ ಟ್ಯಾಂಕು, ಸೈಲೆನ್ಸರು ಹೊತ್ತುಕೊಂಡು ಅಪ್ಪನ ಯೂನಿಟ್ಟಿಗೆ ಬರುತ್ತಿದ್ದರಂತೆ. ಜಾವಾ ಟ್ಯಾಂಕಿನ ಪಕ್ಕದಲ್ಲಿ ಕ್ರೋಮ್ ಇರುತ್ತೆ, ಅದೇ ಅದರ ಅಂದ. "ಒಬ್ಬ ಬಂದು ಟ್ಯಾಂಕ್ ಈಸ್ಕಂಡು, ಅದ್ರಲ್ಲಿ ಮುಖ ನೋಡ್ಕಂಡು ತಲೆ ಬಾಚ್ಕಂಡ" ಅಂತ ಅಪ್ಪ ಈಗಲೂ ಹೇಳಿಕೊಂಡು ನಗುತ್ತಾರೆ. ಅವರ ಪಾಲಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.

ನನ್ನ ಕೆಲಸಕ್ಕೆ ಬರೋಣ. ಪ್ಲಾಸ್ಟಿಕ್ ಮೇಲೂ ನಿಜವಾದ ಕ್ರೋಮ್ ಹಾಕುವುದುಂಟು. ಈಗಿನ ಕಾರುಗಳ ಗ್ರಿಲ್ ಹೆಚ್ಚಿನದೆಲ್ಲ ಎಬಿಎಸ್ ಪ್ಲಾಸ್ಟಿಕ್ ಮೇಲಿನ ಪ್ಲೇಟಿಂಗೇ. ಅದಕ್ಕೆ ಕಾರ್ಖಾನೆ ಬೇಕು. ನಮ್ಮ ಕಿಟ್‌ಗಳದ್ದು ಪಾಲಿಸ್ಟೈರೀನ್, ಮನೆಯ ಬಾಲ್ಕನಿಯಲ್ಲಿ ಅದಕ್ಕೆ ಪೇಂಟೇ ಗತಿ.

ಸಾಮಾನ್ಯ ಸಿಲ್ವರ್ ಪೇಂಟ್ ಯಾಕೆ ಕ್ರೋಮ್ ಆಗಲ್ಲ? ಅದರೊಳಗೆ ಅಲ್ಯೂಮಿನಿಯಂ ಚೂರುಗಳಿರುತ್ತವೆ. ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಮುಖ ಮಾಡಿ ಬಿದ್ದಿರುತ್ತವೆ. ಬೆಳಕು ಬಂದರೆ ಎಲ್ಲ ಕಡೆ ಚೆಲ್ಲಾಡುತ್ತೆ, ಮಿನುಗುತ್ತೆ, ಆದರೆ ಬಿಂಬ ಮೂಡುವುದಿಲ್ಲ. ಬಿಂಬ ಬೇಕಾದರೆ ಮೇಲ್ಮೈಯ ಉಬ್ಬುತಗ್ಗು ಬೆಳಕಿನ ತರಂಗಕ್ಕಿಂತ ಬಹಳ ಸಣ್ಣದಿರಬೇಕು. ಕಣ್ಣಿಗೆ ಕಾಣುವ ಬೆಳಕಿನ ತರಂಗ 0.4ರಿಂದ 0.7 ಮೈಕ್ರಾನ್. 2000 ನಂಬರ್ ಉಪ್ಪುಕಾಗದದ ಕಣವೇ ಸುಮಾರು 10 ಮೈಕ್ರಾನ್. ಅಪ್ಪನ ಉಗುರಿಗೆ ಸಿಕ್ಕಿದ್ದು ಏನು ಅಂತ ಈ ಲೆಕ್ಕ ಹಾಕಿದಾಗ ಅರ್ಥವಾಯಿತು. ಕಾಗದ ಎಲ್ಲಿ ನಿಲ್ಲುತ್ತೋ ಅಲ್ಲಿಂದ ಪಾಲಿಶಿಂಗ್ ಕಾಂಪೌಂಡ್ ಹಿಡಿಯಬೇಕು. ಹಳೇ ಬನಿಯನ್ ಬಟ್ಟೆ, ಒಂದು ಬಟಾಣಿಯಷ್ಟು ಕಾಂಪೌಂಡ್, ಅರ್ಧ ಗಂಟೆ ತಾಳ್ಮೆ.

ಅದಾದಮೇಲೆ ಗ್ಲಾಸ್ ಬ್ಲ್ಯಾಕ್, ಅಂದರೆ ಹೊಳೆಯುವ ಕಪ್ಪು. ಬೆಳ್ಳಿಯ ಕೆಳಗೆ ಕಪ್ಪು ಯಾಕೆ ಅಂತ ಅಮ್ಮ ಕೂಡ ಕೇಳಿದ್ದರು. ಮೇಲೆ ಬರುವ ಕ್ರೋಮ್ ಪದರ ಎಷ್ಟು ತೆಳು ಅಂದರೆ ಕಣಗಳ ಸಂದಿಯಲ್ಲಿ ಬೆಳಕು ಇಳಿದುಹೋಗುತ್ತೆ. ಕೆಳಗೆ ಬಿಳಿ ಇದ್ದರೆ ಅದು ವಾಪಸ್ ಬಂದು ಎಲ್ಲವನ್ನೂ ಹಾಲು ಹಾಲು ಮಾಡಿಬಿಡುತ್ತೆ. ಕಪ್ಪು ಅದನ್ನು ನುಂಗಿಕೊಳ್ಳುತ್ತೆ. ಉಳಿಯೋದು ಕನ್ನಡಿಯ ಹಾಗೆ ನೇರ ವಾಪಸಾದ ಬೆಳಕು ಮಾತ್ರ. ಜೊತೆಗೆ ಒಳ್ಳೆಯ ಗ್ಲಾಸ್ ಪೇಂಟ್ ಒಣಗುವ ಮುಂಚೆ ತಾನೇ ಹರಿದು ಸಮವಾಗುತ್ತೆ, ಯಾವ ಉಪ್ಪುಕಾಗದಕ್ಕೂ ಸಿಗದ ನಯ ಅದಕ್ಕೆ ಸಿಗುತ್ತೆ. ಆದರೆ ದಪ್ಪ ಮಾಡುವ ಹಾಗಿಲ್ಲ. 1/25 ಸ್ಕೇಲಿನಲ್ಲಿ ಕಾಲು ಮಿಲಿಮೀಟರ್ ಪೇಂಟ್ ಅಂದರೆ ನಿಜವಾದ ಕಾರಿನ ಮೇಲೆ ಆರು ಮಿಲಿಮೀಟರ್ ಮೆತ್ತಿದ ಹಾಗೆ. ಗ್ರಿಲ್ಲಿನ ಸೂಕ್ಷ್ಮ ಗೆರೆಗಳೆಲ್ಲ ಇಡ್ಲಿ ಹಿಟ್ಟಿನಲ್ಲಿ ಮುಳುಗಿದಂತೆ ಕಾಣುತ್ತವೆ. ತೆಳ್ಳಗೆ ಹೊಡೆದು ಕನಿಷ್ಠ ಒಂದು ದಿನ, ನನ್ನ ಲೆಕ್ಕದಲ್ಲಿ ಎರಡು ದಿನ, ಧೂಳು ಬೀಳದ ಹಾಗೆ ಡಬ್ಬಿ ಮುಚ್ಚಿಡಬೇಕು.

ಈಗ ಕ್ರೋಮ್. ಅಮೆರಿಕದ ಆಲ್‌ಕ್ಲಾಡ್ ಲ್ಯಾಕರ್ ಈ ಕೆಲಸಕ್ಕೇ ಹೆಸರಾದದ್ದು. ನೀರಿನ ಹಾಗೆ ತೆಳು, ಏರ್‌ಬ್ರಷ್‌ನಲ್ಲೇ ಹೊಡೆಯಬೇಕು, ಒತ್ತಡ 12ರಿಂದ 15 ಪಿಎಸ್‌ಐ ಸಾಕು. ಒಂದು ಸಲಕ್ಕೆ ಕಾಣಿಸಿಯೂ ಕಾಣಿಸದಷ್ಟು. ಮೊದಲನೇ ಸುತ್ತಿನಲ್ಲಿ ಕಪ್ಪು ಬಂಪರ್ ಮೇಲೆ ಮಂಜು ಬಿದ್ದಂತಿರುತ್ತೆ. ಎರಡನೆಯದರಲ್ಲಿ ಬೂದಿ. ಮೂರನೆಯದಕ್ಕೋ ನಾಲ್ಕನೆಯದಕ್ಕೋ ಇದ್ದಕ್ಕಿದ್ದಂತೆ ಅದರಲ್ಲಿ ಬಾಲ್ಕನಿಯ ಗ್ರಿಲ್ ಕಾಣಿಸುತ್ತೆ. ಆ ಕ್ಷಣಕ್ಕೆ ಕೈ ನಿಲ್ಲಬೇಕು. ಇನ್ನೂ ಒಂದು ಸುತ್ತು ಇರಲಿ ಅಂತ ಹೊಡೆದರೆ ಕೆಳಗಿನ ಕಪ್ಪು ಪೂರ್ತಿ ಮುಚ್ಚಿ, ಕ್ರೋಮ್ ಹೋಗಿ ಸಾದಾ ಅಲ್ಯೂಮಿನಿಯಂ ಪಾತ್ರೆಯ ಬಣ್ಣ ಬರುತ್ತೆ. ಇದನ್ನು ಅಪ್ಪನಿಗೆ ಹೇಳಿದೆ. "ನಮ್ದೂ ಅಂಗೇಯ. ಕರೆಂಟ್ ಜಾಸ್ತಿ ಕೊಟ್ರೆ ಅಂಚೆಲ್ಲ ಸುಟ್ಟು ಬೂದಿ ಬಣ್ಣ ಆಗೋಯ್ತದೆ. ಸಾಕು ಅನ್ನೋದು ಗೊತ್ತಿರಬೇಕು" ಅಂದರು.

ಏರ್‌ಬ್ರಷ್ ಇಲ್ಲದವರು ಬೇಸರ ಮಾಡ್ಕೋಬೇಡಿ. ಜರ್ಮನಿಯ ಮೊಲೊಟೊ ಕಂಪನಿಯ ಲಿಕ್ವಿಡ್ ಕ್ರೋಮ್ ಪೆನ್ನು ಸಿಗುತ್ತೆ, 1, 2, 4 ಮಿಲಿಮೀಟರ್ ತುದಿಗಳಲ್ಲಿ. ಸ್ಕೆಚ್ ಪೆನ್ ಹಾಗೆ ಎಳೆದರೆ ಆಯ್ತು, ಹೊಳಪು ನೋಡಿ ನಂಬಲಿಕ್ಕೇ ಆಗಲ್ಲ. ಸಣ್ಣ ರಿಂಗು, ಬಾಗಿಲ ಹಿಡಿಕೆಗೆ ನನಗೆ ಇದಕ್ಕಿಂತ ಒಳ್ಳೆಯದು ಗೊತ್ತಿಲ್ಲ. ಆದರೆ ಇದು ಮುನಿಸಿಕೊಳ್ಳುವ ಜಾತಿ. ಮುಟ್ಟಿದರೆ ಒಣಗಿದ ಹಾಗೇ ಇರುತ್ತೆ, ಬೆರಳು ತಾಗಿದ ಜಾಗ ಮಂಕಾಗುತ್ತೆ. ದಿನಗಟ್ಟಲೆ ಕೈ ಹಚ್ಚದೆ ಬಿಡಬೇಕು. ಮೇಲೆ ರಕ್ಷಣೆಗೆ ಅಂತ ಕ್ಲಿಯರ್ ಕೋಟ್ ಹೊಡೆದಿರೋ, ಕ್ರೋಮ್ ಹೋಗಿ ಸಿಲ್ವರ್ ಆಗುತ್ತೆ. ಈ ಕ್ಲಿಯರ್ ಕೋಟ್ ಸಮಸ್ಯೆ ಬಹುಪಾಲು ಎಲ್ಲ ಕ್ರೋಮ್ ಪೇಂಟುಗಳಿಗೂ ಇದೆ. ಹಾಗಾಗಿ ನಾನು ಬಂಪರನ್ನು ಕೊನೆಗೆ, ಕಾರೆಲ್ಲ ಮುಗಿದಮೇಲೆ, ಟ್ವೀಜರ್‌ನಲ್ಲಿ ಹಿಡಿದು ಕೂರಿಸುತ್ತೇನೆ. ಅಂಟಿಸುವ ಹಿಂಭಾಗಕ್ಕೆ ಪೇಂಟೇ ತಾಗಿಸುವುದಿಲ್ಲ.

ಮೂರನೆಯದು ಫಾಯಿಲ್. ಬೇರ್ ಮೆಟಲ್ ಫಾಯಿಲ್ ಅಂತ, ಹಿಂದೆ ಅಂಟಿರುವ ತುಂಬಾ ತೆಳುವಾದ ಲೋಹದ ಹಾಳೆ. ಅಡುಗೆಮನೆಯ ಫಾಯಿಲ್‌ಗಿಂತ ಬಹಳ ತೆಳು, ಉಸಿರು ಬಿಟ್ಟರೆ ಮಡಿಚಿಕೊಳ್ಳುತ್ತೆ. ಕಿಟಕಿಯ ಸುತ್ತ ಇಟ್ಟು, ಟೂತ್‌ಪಿಕ್‌ನಿಂದ ಒತ್ತಿ, ಹೊಸ ಬ್ಲೇಡಿನಲ್ಲಿ ಅಂಚು ಕತ್ತರಿಸಬೇಕು. ಹಳೇ ಬ್ಲೇಡು ಹಾಕಿದರೆ ಹರಿಯುತ್ತೆ.

ಎಲ್ಲ ಕಡೆಗೂ ಒಂದೇ ಪೇಂಟ್ ಸಾಲದಾ ಅಂತ ನನಗೂ ಅನ್ನಿಸಿತ್ತು. ಇಲ್ಲಿ ಅಪ್ಪನ ಕಣ್ಣು ಕೆಲಸ ಮಾಡಿತು. ನಿಜವಾದ ಬೆಲ್ ಏರ್ ಕಾರಿನ ಫೋಟೋಗಳನ್ನು ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿ, ಬೆರಳು ಇಟ್ಟು ಹೇಳಿದರು: "ಇದು ಕ್ರೋಮು. ಇದು ಅಲ್ಲ, ಸ್ಟೀಲು. ಇದೇನೋ ಅಲ್ಯೂಮಿನಿಯಂ ಇದ್ದಂಗೈತೆ." ಆಮೇಲೆ ನಾನು ಹುಡುಕಿ ನೋಡಿದರೆ ಅಷ್ಟೂ ಸರಿ. ಆ ಕಾರಿನ ಬಂಪರ್‌ಗಳು ಕ್ರೋಮ್ ಪ್ಲೇಟಿಂಗು. ಬದಿಯ ಉದ್ದನೆಯ ಪಟ್ಟಿಗಳು ಪಾಲಿಶ್ ಮಾಡಿದ ಸ್ಟೇನ್‌ಲೆಸ್ ಸ್ಟೀಲು. ಹಿಂದಿನ ರೆಕ್ಕೆಯ ಮೇಲಿನ ಗೀರುಗೀರಾದ ತಗಡು ಅಲ್ಯೂಮಿನಿಯಂ. ಎಲ್ಲವನ್ನೂ ನಾವು ಕ್ರೋಮ್ ಅಂತ ಒಂದೇ ಹೆಸರಲ್ಲಿ ಕರೆದುಬಿಡುತ್ತೇವೆ. ಸ್ಟೀಲ್ ಸ್ವಲ್ಪ ಬೆಚ್ಚಗೆ, ಅಲ್ಯೂಮಿನಿಯಂ ಬೆಳ್ಳಗೆ, ಕ್ರೋಮ್ ತಣ್ಣಗೆ ಮತ್ತು ಗಾಢ. ಹದಿನೆಂಟು ವರ್ಷ ಒಂದೇ ಟ್ಯಾಂಕಿನ ಮುಂದೆ ನಿಂತವರಿಗೆ ಫೋಟೋದಲ್ಲೂ ಅದು ಗೊತ್ತಾಗುತ್ತೆ. ಹಾಗಾಗಿ ಈ ಕಾರಿಗೆ ಮೂರು ವಿಧಾನ: ಬಂಪರ್‌ಗೆ ಕಪ್ಪಿನ ಮೇಲೆ ಲ್ಯಾಕರ್, ಪಟ್ಟಿಗಳಿಗೆ ಫಾಯಿಲ್, ರೆಕ್ಕೆಗೆ ಮಂಕು ಅಲ್ಯೂಮಿನಿಯಂ ಬಣ್ಣ. ಗ್ರಿಲ್ಲಿನ ಸಂದಿಗಳಿಗೆ ತೆಳು ಕಪ್ಪು ಇಳಿಸಿದ್ದೂ ಅವರ ಮಾತಿನ ಮೇಲೆಯೇ. ನಿಜವಾದ ಪ್ಲೇಟಿಂಗಿನಲ್ಲೂ ಕ್ರೋಮ್ ಆಳದ ಸಂದಿಗಳಿಗೆ ಸರಿಯಾಗಿ ಹೋಗಲ್ಲವಂತೆ.

ಏರ್‌ಬ್ರಷ್ ಹಿಡಿಯುವ ದಿನ ನಾನು ಮಾಸ್ಕ್ ಹಾಕಿಕೊಳ್ಳುತ್ತೇನೆ. ಕೋವಿಡ್ ಕಾಲದ ಬಟ್ಟೆ ಮಾಸ್ಕ್ ಅಲ್ಲ, ಎರಡು ಪಕ್ಕಕ್ಕೂ ಕಾರ್ಟ್ರಿಜ್ ಇರುವ ರಬ್ಬರಿನದು. ಲ್ಯಾಕರ್ ಥಿನ್ನರ್‌ನ ಆವಿ ಒಳಗೆ ಹೋಗಬಾರದು ಅಂತ. ಬಾಲ್ಕನಿ ಬಾಗಿಲು ತೆರೆದು, ಫ್ಯಾನ್ ಹೊರಮುಖ ಮಾಡಿಟ್ಟು ಶುರು ಮಾಡಿದೆ. ಅಮ್ಮ ಅಡುಗೆಮನೆಯಿಂದಲೇ "ಏನೋ ಅದು, ತಲೆ ಸುತ್ತೋ ವಾಸನೆ" ಅಂತ ಕೂಗಿ ಬಾಗಿಲು ಹಾಕಿಕೊಂಡರು. ಅಪ್ಪ ಮಾತ್ರ ನನ್ನ ಪಕ್ಕದಲ್ಲೇ, ಮಾಸ್ಕ್ ಇಲ್ಲದೆ, ಬಂಪರ್ ಬಣ್ಣ ತಿರುಗೋದನ್ನು ನೋಡುತ್ತಾ ನಿಂತಿದ್ದರು. ಒಳಗೆ ಹೋಗಿ ಅಪ್ಪ, ವಾಸನೆ ಜೋರಾಗಿದೆ ಅಂದೆ.

"ವಾಸ್ನೆ ಎಲ್ಲೈತೆ?" ಅಂದರು.

ತಮಾಷೆ ಅಂದುಕೊಂಡೆ. ಥಿನ್ನರ್ ಬಾಟಲಿಯ ಮುಚ್ಚಳ ತೆಗೆದು, ದೂರದಿಂದ ಹಿಡಿದೆ. ಏನೂ ಇಲ್ಲ. ಎಷ್ಟು ದಿನದಿಂದ ಹೀಗೆ ಅಂದರೆ, "ಅಯ್ಯೋ, ಅದೆಲ್ಲ ಯಾವತ್ತೋ ಹೋಯ್ತು. ನಿಮ್ಮಮ್ಮನ ಸಾರು ಸೀದ್ರೂ ಗೊತ್ತಾಗಲ್ಲ, ಅದಕ್ಕೇ ಜಗಳ ಇಲ್ದಂಗೆ ಬದುಕಿವ್ನಿ" ಅಂತ ನಕ್ಕರು. ನಗುವಾಗ ಅವರ ಮೂಗಿನಿಂದ ಆ ಸಣ್ಣ ಶಿಳ್ಳೆ ಬಂತು. ಅದು ನಮ್ಮ ಮನೆಗೆ ಹೊಸದಲ್ಲ. ನಾವು ಚಿಕ್ಕವರಿದ್ದಾಗ ರಾತ್ರಿ ಅಪ್ಪ ಮಲಗಿದರೆ ಉಸಿರಿನ ಜೊತೆ ಪಿಳ್ಳೆಂದು ಶಿಳ್ಳೆ ಬರುತ್ತಿತ್ತು. ಅಕ್ಕ ಅದಕ್ಕೆ "ಅಪ್ಪನ ಕುಕ್ಕರ್" ಅಂತ ಹೆಸರಿಟ್ಟಿದ್ದಳು.

ಅಪ್ಪ ನನ್ನ ಮಾಸ್ಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ಮುರುಗಿಸಿ ನೋಡಿದರು. ಬೆಲೆ ಕೇಳಿದರು. ಹೇಳಿದೆ. "ಇಷ್ಟೇನಾ?" ಅಂದರು.

ಆ ಒಂದು ಪದಕ್ಕೆ ನಾನು ಇನ್ನೂ ಉತ್ತರ ಹುಡುಕುತ್ತಿದ್ದೇನೆ.

ಕ್ರೋಮ್ ಟ್ಯಾಂಕಿನಲ್ಲಿರೋದು ಕ್ರೋಮಿಕ್ ಆಸಿಡ್, ಲೀಟರಿಗೆ ಸುಮಾರು 250 ಗ್ರಾಂ ಕ್ರೋಮಿಯಂ ಟ್ರೈಆಕ್ಸೈಡ್, ಜೊತೆಗೆ ಅದರ ನೂರನೇ ಒಂದು ಭಾಗ ಸಲ್ಫ್ಯೂರಿಕ್ ಆಸಿಡ್. ಕಡುಗೆಂಪು ಬಣ್ಣ, ನಲವತ್ತು ಡಿಗ್ರಿಗಿಂತ ಮೇಲಿನ ಬಿಸಿ. ಕರೆಂಟ್ ಹರಿಸಿದರೆ ಅದರಲ್ಲಿ ಲೋಹ ಕೂರಿಸಲು ಹೋಗುವುದು ಶೇ 10ರಿಂದ 20 ಮಾತ್ರ. ಉಳಿದ ಕರೆಂಟೆಲ್ಲ ಹೈಡ್ರೋಜನ್ ಗುಳ್ಳೆ ಎಬ್ಬಿಸುತ್ತೆ. ಗುಳ್ಳೆ ಒಡೆದಾಗಲೆಲ್ಲ ಆಸಿಡ್ಡಿನ ಸಣ್ಣ ಹನಿ ಗಾಳಿಗೆ ಹಾರುತ್ತೆ. ಆ ಮಂಜನ್ನು ಉಸಿರಾಡಿದವರಿಗೆ ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆ ಹುಣ್ಣಾಗಿ, ನೋವೇ ಇಲ್ಲದೆ ತೂತು ಬೀಳುತ್ತೆ. ತೂತು ಚಿಕ್ಕದಿದ್ದರೆ ಉಸಿರಾಡುವಾಗ ಶಿಳ್ಳೆ ಬರುತ್ತೆ. ಆವತ್ತು ರಾತ್ರಿ ಇದನ್ನು ಓದಿದ ಮೇಲೆ ನಾನು ಆ ವಾರ ಕಾರು ಮುಟ್ಟಲಿಲ್ಲ.

ಅಪ್ಪನನ್ನು ಇಎನ್‌ಟಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಲು ಹದಿನೈದು ದಿನ ಬೇಕಾಯಿತು. "ನನಗೇನಾಗೈತೆ" ಅನ್ನೋದು ಅವರ ವಾದ. ಕೊನೆಗೆ ಅಮ್ಮ ಊಟ ಬಿಟ್ಟು ಕೂತ ಮೇಲೆ ಹೊರಟರು. ಡಾಕ್ಟರ್ ಮೂಗಿನೊಳಗೆ ಲೈಟ್ ಬಿಟ್ಟು ಐದು ನಿಮಿಷ ನೋಡಿ, ಕಾಯಿಲೆಯ ವಿಷಯ ಹೇಳುವ ಮುಂಚೆ ಕೇಳಿದ್ದು ಒಂದೇ: "ಏನ್ ಕೆಲಸ ಮಾಡ್ತಿದ್ರಿ ಯಜಮಾನ್ರೇ? ಕ್ರೋಮ್ ಪ್ಲೇಟಿಂಗಾ?" ಅಪ್ಪನ ಮುಖದಲ್ಲಿ ಆಗ ಕಂಡದ್ದು ಭಯವಲ್ಲ. ಗುರುತು ಸಿಕ್ಕಿದವರ ಮುಖ. "ಹೌದು ಸಾರ್, ನಿಮ್ಗೆಂಗ್ ಗೊತ್ತಾಯ್ತು?" ಅಂದರು.

ತೂತು ಹಳೆಯದು. ಉಪ್ಪುನೀರಿನಲ್ಲಿ ತೊಳೆಯಲು, ಮುಲಾಮು ಹಚ್ಚಲು ಹೇಳಿದ್ದಾರೆ. ವಾಸನೆ ವಾಪಸ್ ಬರುತ್ತೆ ಅಂತ ಡಾಕ್ಟರ್ ಆಸೆ ಹುಟ್ಟಿಸಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, ಎದೆಯ ಸ್ಕ್ಯಾನ್ ಬರೆದುಕೊಟ್ಟರು. ಟ್ಯಾಂಕಿನಲ್ಲಿರುವ ಈ ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ತರುತ್ತೆ ಅನ್ನುವುದರಲ್ಲಿ ಈಗ ಯಾರಿಗೂ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮೊದಲ ಗುಂಪಿನಲ್ಲೇ ಇಟ್ಟಿದೆ. ಸ್ಕ್ಯಾನ್ ವರದಿ ಬರುವ ತನಕದ ನಾಲ್ಕು ದಿನ ಮನೆಯಲ್ಲಿ ಟಿವಿ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ವರದಿಯಲ್ಲಿ ಸದ್ಯಕ್ಕೆ ಏನೂ ಇಲ್ಲ. ವರ್ಷಕ್ಕೊಮ್ಮೆ ಬಂದು ತೋರಿಸಿ ಅಂದಿದ್ದಾರೆ.

ನಿಮ್ಮ ಯೂನಿಟ್‌ನಲ್ಲಿ ಮಾಸ್ಕ್ ಕೊಡ್ತಿರಲಿಲ್ವಾ ಅಂತ ಬರುವಾಗ ಆಟೋದಲ್ಲಿ ಕೇಳಿದೆ. ಟವೆಲ್ ಕಟ್ಟಿಕೊಳ್ಳುತ್ತಿದ್ದರಂತೆ. ಸಂಜೆ ಒಂದು ಉಂಡೆ ಬೆಲ್ಲ ಕೊಡುತ್ತಿದ್ದರಂತೆ, ಗಂಟಲು ಕ್ಲೀನ್ ಆಗುತ್ತೆ ಅಂತ. ಗೋಡೆಯಲ್ಲಿ ಒಂದು ಫ್ಯಾನ್ ಇತ್ತು. ಟ್ಯಾಂಕಿನ ಅಂಚಿನಲ್ಲೇ ಮಂಜನ್ನು ಹೀರಿಕೊಳ್ಳುವ ಡಕ್ಟ್ ಹಾಕುವುದು, ಮಂಜು ಹೆಚ್ಚು ಏಳದ ಹಾಗೆ ಮೇಲೆ ಪ್ಲಾಸ್ಟಿಕ್ ಚೆಂಡುಗಳನ್ನು ತೇಲಿಬಿಡುವುದು, ಇವೆಲ್ಲ ಹೊಸ ವಿದ್ಯೆಯೇನಲ್ಲ. ಕ್ರೋಮ್ ಹುಣ್ಣು 1948ರ ಫ್ಯಾಕ್ಟರೀಸ್ ಕಾಯ್ದೆಯ ಪಟ್ಟಿಯಲ್ಲಿಯೇ ಇತ್ತು, ಕಂಡರೆ ಸರ್ಕಾರಕ್ಕೆ ತಿಳಿಸಬೇಕಾದ ಕಾಯಿಲೆಗಳ ಸಾಲಿನಲ್ಲಿ. ಅಪ್ಪ ಕೆಲಸಕ್ಕೆ ಸೇರುವ ಎಷ್ಟೋ ಮುಂಚೆಯೇ ಕಾಗದದ ಮೇಲೆ ಎಲ್ಲವೂ ಗೊತ್ತಿತ್ತು ಅನ್ನೋದೇ ನನಗೆ ನುಂಗಲಾಗದ ತುತ್ತು. ಯುರೋಪಿನಲ್ಲಿ 2017ರ ಸೆಪ್ಟೆಂಬರ್ 21ರಿಂದ ವಿಶೇಷ ಅನುಮತಿ ಇಲ್ಲದೆ ಈ ಕ್ರೋಮಿಯಂ ಟ್ರೈಆಕ್ಸೈಡ್ ಬಳಸುವಂತಿಲ್ಲ. ಅದಕ್ಕಿಂತ ಕಡಿಮೆ ವಿಷದ ಟ್ರೈವೇಲೆಂಟ್ ದ್ರಾವಣದಲ್ಲಿ ಪ್ಲೇಟಿಂಗ್ ಮಾಡುವುದೂ ಇದೆ, ಬಣ್ಣ ಸ್ವಲ್ಪ ಬೇರೆ ಬರುತ್ತೆ ಅಷ್ಟೇ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಸಿಟ್ಟು ಬರಲಿ ಅಂತ ನನ್ನ ಆಸೆ ಇತ್ತೋ ಏನೋ. ಅವರು ಪೂರ್ತಿ ಕೇಳಿಸಿಕೊಂಡು, "ಬಣ್ಣ ಬೇರೆ ಅಂದ್ರೆ ಎಂಗೆ, ಹಳದಿ ಒಡೀತದಾ?" ಅಂತ ಕೇಳಿದರು. ಆಮೇಲೆ ತಮ್ಮ ಜೊತೆ ಟ್ಯಾಂಕಿನಲ್ಲಿದ್ದ ಇಬ್ಬರಿಗೆ ಫೋನ್ ಮಾಡಿದರು. ಒಬ್ಬರು ಊರಿಗೆ ಹೋಗಿ ತೋಟ ಮಾಡಿಕೊಂಡಿದ್ದಾರೆ. ಇನ್ನೊಬ್ಬರು ಈಗಲೂ ಅದೇ ಕೆಲಸದಲ್ಲಿದ್ದಾರೆ, ಬೇರೆ ಯೂನಿಟ್ಟಿನಲ್ಲಿ. ಅವರಿಗೆ ಅಪ್ಪ ಹೇಳಿದ್ದು ಇಷ್ಟು: "ನನ್ ಮಗನ ಹತ್ರ ಒಂದು ಮಾಸ್ಕ್ ಐತೆ, ಫೋಟೋ ಕಳುಸ್ತೀನಿ ನೋಡು. ಅಂತದ್ದು ತಗೋ. ದುಡ್ಡಿಗೆ ನೋಡಬ್ಯಾಡ." ಥಿನ್ನರ್‌ಗೆ ಸರಿಯಾದ ಕಾರ್ಟ್ರಿಜ್ಜು ಕ್ರೋಮಿಕ್ ಆಸಿಡ್ ಮಂಜಿಗೆ ಆಗಿಬರಲ್ಲ, ಅದಕ್ಕೆ ಬೇರೆ ಫಿಲ್ಟರ್ ಬೇಕು ಅಂತ ನಾನು ಪಕ್ಕದಿಂದ ಹೇಳಿಕೊಟ್ಟೆ. ಅಪ್ಪ ಅದನ್ನೂ ಹೇಳಿದರು. ಅವರು ಅದನ್ನು ತಗೊಂಡರಾ ಅಂತ ಪ್ರತಿ ವಾರ ಫೋನ್ ಮಾಡಿ ಕೇಳುತ್ತಿದ್ದಾರೆ. ಇನ್ನೂ ತಗೊಂಡಿಲ್ಲ.

ಮುಂದಿನ ಬಂಪರ್ ಈಗ ಮುಗಿದಿದೆ. ಅಪ್ಪನ ಪರೀಕ್ಷೆ ಹೇಗೆಂದರೆ, ಟ್ಯೂಬ್‌ಲೈಟಿನ ಬಿಂಬ ಬಂಪರ್ ಮೇಲೆ ಬೀಳುವಂತೆ ಹಿಡಿದು ನಿಧಾನವಾಗಿ ಓರೆ ಮಾಡುತ್ತಾರೆ. ಬೆಳಕಿನ ಗೆರೆ ಎಲ್ಲೂ ನಡುಗದೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದರೆ ಪಾಸ್. ಮೊದಲ ಸಲ "ರಿಜೆಕ್ಟ್" ಅಂದರು, ಯೂನಿಟ್ಟಿನ ಇನ್‌ಸ್ಪೆಕ್ಟರ್ ದನಿಯಲ್ಲಿ. ಎರಡನೇ ಸಲ ಬಹಳ ಹೊತ್ತು ನೋಡಿ, "ಮಾಲು ಕಳ್ಸಬಹುದು" ಅಂದರು. ಹಿಂದಿನ ಬಂಪರಿನ ಬಫಿಂಗ್ ಅವರೇ ಮಾಡುತ್ತೇನೆ ಅಂತ ಇಸ್ಕೊಂಡಿದ್ದಾರೆ. ಬೆಳಿಗ್ಗೆ ಪೇಪರ್ ಓದಿ ಮುಗಿಸಿದ ಮೇಲೆ ಜಗುಲಿಯಲ್ಲಿ ಕೂತು, ನನ್ನ ಹಳೇ ಬನಿಯನ್ ತುಂಡಿನಲ್ಲಿ ಬೆರಳ ತುದಿಯಷ್ಟು ಪ್ಲಾಸ್ಟಿಕ್ಕನ್ನು ತಿಕ್ಕುತ್ತಾರೆ. ಮೊನ್ನೆ ಅದಕ್ಕೆ ಕಪ್ಪು ಹೊಡೆದಾಯಿತು. ಸ್ಪ್ರೇ ಮಾಡುವಾಗ ಅವರಿಗೂ ಒಂದು ಮಾಸ್ಕ್ ತಂದಿದ್ದೇನೆ. ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡು, "ಆನೆ ಮರಿ ಇದ್ದಂಗೆ ಕಾಣ್ತೀನಿ" ಅಂದರು. ಒಣಗಲು ಇಟ್ಟಿರುವ ಬಂಪರ್ ಮೇಲೆ ಅಮ್ಮನ ಸ್ಟೀಲ್ ಡಬ್ಬಿ ಬೋರಲು ಹಾಕಿ, ಚೀಟಿ ಅಂಟಿಸಿ, ತಮ್ಮ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: "ಭಾನುವಾರದ ತನಕ ಯಾರೂ ಮುಟ್ಟಬಾರದು."